ಸವೆದುಹೋದ ಪದರಗಳ ದಪ್ಪವನ್ನು ನಾನು ಅಳೆಯುವ ಬಗೆ

ಕೋಟ್ಯಂತರ ವರ್ಷಗಳ ಹಿಂದೆ ಸವೆದುಹೋದ ಪದರಗಳು ಎಷ್ಟು ದಪ್ಪವಿದ್ದವು, ಯಾವಾಗ ಹೋದವು ಎಂದು ಹೇಳುವುದು ನನ್ನ ಕೆಲಸ. ಕಲ್ಲೇ ಇಲ್ಲದ ಮೇಲೆ ಅಳೆಯುವುದು ಏನನ್ನು ಎಂದು ಹಲವರು ಕೇಳುತ್ತಾರೆ. ಅದರ ಕೆಳಗೆ ಉಳಿದ ಕಲ್ಲನ್ನು. ಹೊತ್ತ ಭಾರದ ಗುರುತೂ ತಿಂದ ಬಿಸಿಯ ಗುರುತೂ ಅದರಲ್ಲಿ ಉಳಿದಿರುತ್ತವೆ.

ನಾನು ಭಾರದಿಂದ ಆರಂಭಿಸುತ್ತೇನೆ. ಜೇಡಿಶಿಲೆ ಆಳಕ್ಕೆ ಹೂತಂತೆಲ್ಲ ಅದರೊಳಗಿನ ನೀರು ಹಿಂಡಿಹೋಗಿ ರಂಧ್ರಗಳು ಮುಚ್ಚುತ್ತವೆ. ಆಳದೊಂದಿಗೆ ರಂಧ್ರತೆ ಹೇಗೆ ಇಳಿಯುತ್ತದೆ ಎಂಬ ಸೂತ್ರವನ್ನು ಭೂವಿಜ್ಞಾನಿ ಆಥಿ 1930ರಲ್ಲೇ ಕೊಟ್ಟಿದ್ದರು. ಮೇಲಿನ ಹೊರೆ ಸವೆದುಹೋದರೂ ಹಿಂಡಿದ ಕಲ್ಲು ಮತ್ತೆ ಉಬ್ಬುವುದು ತೀರಾ ಕಡಿಮೆ. ಹೀಗಾಗಿ, ಕೊರೆದ ಬಾವಿಯೊಳಗೆ ಕಲ್ಲಿನಲ್ಲಿ ಶಬ್ದದ ವೇಗವನ್ನು ಅಳೆಯುವ ಸೋನಿಕ್ ಲಾಗ್‌ನಲ್ಲಿ 1 ಕಿ.ಮೀ. ಆಳದ ಜೇಡಿಶಿಲೆಯೊಳಗೆ ಶಬ್ದ ಎಂದೂ ಮೇಲೇಳದ ಪ್ರದೇಶದ ಬಾವಿಯೊಂದರ 2.5 ಕಿ.ಮೀ. ಆಳದ ವೇಗದಲ್ಲೇ ಓಡಿದರೆ, ಆ ಕಲ್ಲು ತನ್ನ ಗರಿಷ್ಠ ಆಳದಿಂದ 1.5 ಕಿ.ಮೀ. ಮೇಲೆ ನಿಂತಿದೆ. ಇದನ್ನೇ ಸವೆತದ ಮೊತ್ತವೆಂದು ಬರೆಯುವಂತಿಲ್ಲ. ಸವೆತದ ನಂತರ 500 ಮೀಟರ್ ಹೊಸ ಪದರ ಬಿದ್ದಿದ್ದರೆ ನಿಜವಾಗಿ ಸವೆದದ್ದು 2 ಕಿ.ಮೀ.

ಬಿಸಿಯ ಗುರುತಿಗೆ ಮೊದಲ ಸಾಕ್ಷಿ ವಿಟ್ರಿನೈಟ್. ಗಿಡಮರಗಳ ಅವಶೇಷದಿಂದಾದ ಈ ಕಣ ಬಿಸಿಯಾದಷ್ಟೂ ಹೆಚ್ಚು ಬೆಳಕನ್ನು ಪ್ರತಿಫಲಿಸುತ್ತದೆ, ತಣ್ಣಗಾದರೆ ಹಿಂದಕ್ಕೆ ಹೋಗುವುದಿಲ್ಲ. ಸ್ವೀನಿ ಮತ್ತು ಬರ್ನ್‌ಹ್ಯಾಮ್ 1990ರಲ್ಲಿ ಪ್ರಕಟಿಸಿದ ವಿಧಾನದಿಂದ ಆ ಪ್ರತಿಫಲನವನ್ನು ಗರಿಷ್ಠ ಉಷ್ಣತೆಗೆ ಬದಲಿಸುತ್ತೇನೆ. ಎಷ್ಟು ಬಿಸಿ ಎಂಬುದು ಇದರಿಂದ ತಿಳಿಯುತ್ತದೆ, ಯಾವಾಗ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಅಪಟೈಟ್ ಎಂಬ ಖನಿಜ ಬೇಕು. ಅದರೊಳಗಿನ ಯುರೇನಿಯಂ-238 ಅಣುಕೇಂದ್ರ ತಾನಾಗಿಯೇ ಒಡೆದಾಗಲೆಲ್ಲ ಸುಮಾರು 16 ಮೈಕ್ರಾನ್ ಉದ್ದದ ಗೀರು ಬೀಳುತ್ತದೆ. ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್‌ವರೆಗೆ ಗೀರುಗಳು ಕುಗ್ಗುತ್ತವೆ, ಅದಕ್ಕೂ ಮೇಲೆ ಅಳಿಸಿಯೇ ಹೋಗುತ್ತವೆ. ತಣಿಯುವ ಮೊದಲು ಬಿದ್ದವು ಗಿಡ್ಡ, ತಣಿದ ಮೇಲೆ ಬಿದ್ದವು ಉದ್ದ. ಎರಡೂ ಒಂದೇ ಹರಳಿನಲ್ಲಿ ಅಕ್ಕಪಕ್ಕ ಕಾಣುವುದು ಎಷ್ಟು ಸಲ ನೋಡಿದರೂ ನನಗೆ ರೋಮಾಂಚನ.

ಈ ಕೆಲಸದ ಅತ್ಯಂತ ಕಠಿಣ ಭಾಗ ಇನ್ನು ಮುಂದಿನದು. ಉಷ್ಣತೆಯನ್ನು ಕಿಲೋಮೀಟರ್‌ಗೆ ಬದಲಿಸಲು ಆಗಿನ ಭೂತಾಪದ ಏರಿಕೆ ದರ ಗೊತ್ತಿರಬೇಕು. ಸವೆದುಹೋದ ಪದರಗಳ ನೇರ ಕೆಳಗೇ ಇದ್ದ ಕಲ್ಲು 80 ಡಿಗ್ರಿ ಕಂಡಿತ್ತು, ಆಗಿನ ನೆಲದ ಉಷ್ಣತೆ 20 ಡಿಗ್ರಿ ಎಂದಿಟ್ಟುಕೊಳ್ಳೋಣ. ಕಿಲೋಮೀಟರ್‌ಗೆ 30 ಡಿಗ್ರಿ ಏರುತ್ತಿದ್ದರೆ ಸವೆದದ್ದು 2 ಕಿ.ಮೀ.; 40 ಡಿಗ್ರಿಯಾದರೆ 1.5, 20 ಡಿಗ್ರಿಯಾದರೆ 3. ಇಂದಿನ ದರವನ್ನೇ ಅಂದಿಗೂ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಭೂಪದರ ಹಿಗ್ಗಿ ತೆಳುವಾದ ಕಾಲದಲ್ಲಿ ಕೆಳಗಿನ ಶಾಖ ಇಂದಿಗಿಂತ ಬಹಳ ಹೆಚ್ಚಿದ್ದಿರಬಹುದು. ಹಾಗಾಗಿ ಒಂದೇ ಮಾದರಿಯಿಂದ ಏನನ್ನೂ ಹೇಳದೆ, ಬಾವಿಯ ಉದ್ದಕ್ಕೂ ಆದಷ್ಟು ಹೆಚ್ಚು ಆಳದ ಅಂತರದಲ್ಲಿ ಮಾದರಿ ಆರಿಸುತ್ತೇನೆ. ಅವುಗಳ ಗರಿಷ್ಠ ಉಷ್ಣತೆಯನ್ನು ಆಳಕ್ಕೆ ಎದುರಾಗಿ ಗುರುತಿಸಿದಾಗ ಬರುವ ಗೆರೆಯ ಓರೆಯೇ ಅಂದಿನ ದರ. ಆ ಗೆರೆಯನ್ನು ಅಂದಿನ ನೆಲದ ಉಷ್ಣತೆಯವರೆಗೆ ಮೇಲಕ್ಕೆ ಎಳೆದರೆ ಕಳೆದುಹೋದ ದಪ್ಪ ಸಿಗುತ್ತದೆ. ಗೆರೆ ನಡುವೆ ಉಬ್ಬಿದ್ದರೆ ನನ್ನ ಅನುಮಾನ ಮರಳುಗಲ್ಲಿನ ಪದರದ ಮೇಲೆ: ಅದರೊಳಗೆ ಬಿಸಿನೀರು ಹರಿದು ಕಲ್ಲನ್ನು ಕಾಯಿಸಿರಬಹುದು. ಆ ಬಿಸಿಯನ್ನು ಹೂತ ಆಳದ ಲೆಕ್ಕಕ್ಕೆ ಸೇರಿಸಿದರೆ ಇಲ್ಲದ ಪರ್ವತವನ್ನೇ ಕಟ್ಟಿದಂತಾಗುತ್ತದೆ.

ನೆಲದ ಮೇಲೆ ಗಿಡಗಳೇ ಇರದಿದ್ದ ಕಾಲದ ಕಲ್ಲಿನಲ್ಲಿ ವಿಟ್ರಿನೈಟ್ ಇರುವುದಿಲ್ಲ. ಅಲ್ಲಿ ಡಾಂಬರಿನಂಥ ಬಿಟುಮೆನ್‌ನ ಪ್ರತಿಫಲನ, ಕೊನೊಡಾಂಟ್ ಎಂಬ ಪ್ರಾಚೀನ ಸಮುದ್ರಜೀವಿಗಳ ಹಲ್ಲಿನಂಥ ಪಳೆಯುಳಿಕೆಗಳ ಬಣ್ಣ, ಇಲೈಟ್ ಖನಿಜದ ಹರಳುಗಟ್ಟಿದ ಮಟ್ಟ ಇವುಗಳನ್ನು ಆಶ್ರಯಿಸುತ್ತೇನೆ. ಎರಡು ಸಲ ಹೂತ, ಪದರಗಳು ತುಂಬಿಕೊಂಡ ತಗ್ಗಾದ ಬೇಸಿನ್‌ನಲ್ಲಿ ಎರಡನೆಯ ಬಿಸಿ ಹೆಚ್ಚಾಗಿದ್ದರೆ ಮೊದಲನೆಯದರ ಗುರುತು ಮಾಸಿಹೋಗಿರುತ್ತದೆ. ಅಂಥ ಕಡೆ ಸವೆತಕ್ಕೆ ಗರಿಷ್ಠ ಮಿತಿಯನ್ನಷ್ಟೇ ಬರೆದು ನಿಲ್ಲಿಸುತ್ತೇನೆ.

ಸವೆತವನ್ನೂ ಮೇಲೇಳುವಿಕೆಯನ್ನೂ ಒಂದೇ ಎಂದು ಬರೆಯುವುದು ಈಗಲೂ ಕಾಣುತ್ತದೆ. ಸವೆದ ಕಲ್ಲಿನ ಸಾಂದ್ರತೆ 2.7, ಭೂಪದರದ ಕೆಳಗಿರುವ ಮ್ಯಾಂಟಲ್‌ನದು 3.3 ಎಂದು ಹಿಡಿದರೆ, 1 ಕಿ.ಮೀ. ಸವೆದಾಗ ಹೊರೆ ತಗ್ಗಿದ್ದರಿಂದ ಉಳಿದ ಕಲ್ಲು ಸುಮಾರು 800 ಮೀಟರ್ ಮೇಲೇಳುತ್ತದೆ. ನೆಲದ ಮಟ್ಟ ಇಳಿಯುವುದು ಸುಮಾರು 200 ಮೀಟರ್ ಮಾತ್ರ. ನನ್ನ ಅಳತೆಗಳು ಹೇಳುವುದು ಕಲ್ಲು ನೆಲಕ್ಕೆ ಎಷ್ಟು ಹತ್ತಿರ ಬಂತು ಎಂಬುದನ್ನು. ಅಂದಿನ ನೆಲ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿತ್ತು ಎಂಬುದು ಬೇರೆಯೇ ಪ್ರಶ್ನೆ.

ಕೊನೆಗೆ ಹೊರಗಿನಿಂದಲೂ ಪರೀಕ್ಷಿಸುತ್ತೇನೆ. ಸವೆದದ್ದು ಎಲ್ಲೋ ಹೋಗಿ ಬಿದ್ದಿರಲೇಬೇಕು. ಅದೇ ಕಾಲದಲ್ಲಿ ಪಕ್ಕದ ಬೇಸಿನ್‌ನಲ್ಲಿ ಮರಳು, ಜೇಡಿ ದಪ್ಪವಾಗಿ ತುಂಬಿವೆಯೇ, ಅವುಗಳಲ್ಲಿ ಹಳೆಯ ಪದರಗಳ ಬೀಜಾಣುಗಳು ಬೆರೆತಿವೆಯೇ ಎಂದು ನೋಡುತ್ತೇನೆ. ಅಲ್ಲಿ ತುಂಬಿದ್ದರ ಗಾತ್ರ ನನ್ನ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಬಂದರೆ ಚಿಂತಿಸುವುದಿಲ್ಲ, ಸುಣ್ಣಕಲ್ಲು ಕರಗಿ ನೀರಿನೊಂದಿಗೆ ಹೋಗಿರುತ್ತದೆ. ತೀರಾ ಹೆಚ್ಚು ಬಂದರೆ ಆ ಮರಳಿನ ಜಿರ್ಕಾನ್ ಎಂಬ ಖನಿಜದ ಕಣಗಳ ವಯಸ್ಸನ್ನು (ಯುರೇನಿಯಂ ಸೀಸವಾಗಿ ಬದಲಾದ ಪ್ರಮಾಣದಿಂದ ತಿಳಿಯುವುದು) ನಮ್ಮ ಬೇಸಿನ್‌ನ ಕಣಗಳ ವಯಸ್ಸಿಗೆ ಹೋಲಿಸುತ್ತೇನೆ. ಹೊಂದದ ವಯಸ್ಸಿನ ಕಣಗಳು ಹೇರಳವಾಗಿದ್ದರೆ ಬೇರೆ ಮೂಲದಿಂದಲೂ ಮರಳು ಬಂದಿದೆ. ಎಲ್ಲವೂ ಹೊಂದಿದರೆ ನಾನು ಹಿಡಿದ ಏರಿಕೆ ದರವನ್ನು ಮತ್ತೆ ಕೆದಕುತ್ತೇನೆ.