ಚಾರ್ಜ್ ಆಗ್ತದೆ, ಕಂಪ್ಯೂಟರಿಗೆ ಮಾತ್ರ ಕಾಣ್ತಿಲ್ಲ

ಹತ್ತನೇ ಪಾಸಾದ ಅಕ್ಕನ ಮಗನಿಗೆ ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಿಂದ ಕೈಯಲ್ಲಿ ಹಿಡಿದು ಆಡುವ ಪುಟ್ಟ ಗೇಮ್ ಕನ್ಸೋಲ್ ತಂದುಕೊಟ್ಟಿದ್ದೆ. ಒಳಗೆ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್, ಒಂದು ಮೆಮೊರಿ ಕಾರ್ಡ್, ಕೆಳಗೆ ಸಿ-ಟೈಪ್ ಪೋರ್ಟ್. ಮುಂದಿನ ಭಾನುವಾರವೇ ಹುಡುಗ ಡೊಂಬಿವಲಿಯ ನಮ್ಮ ಮನೆಗೆ ಬಂದ. ಮುಖ ಸಣ್ಣದಾಗಿತ್ತು.

"ಮಾವ, ಚಾರ್ಜ್ ಆಗ್ತದೆ, ಕಂಪ್ಯೂಟರಿಗೆ ಮಾತ್ರ ಕಾಣ್ತಿಲ್ಲ. ಹಾಳಾಗಿದೆಯಾ?"

ಉಚಿತವಾಗಿ ಸಿಗುವ ನಾಲ್ಕು ಗೇಮ್ ಇಳಿಸಿಟ್ಟುಕೊಂಡಿದ್ದ. ಅವನ್ನು ಕನ್ಸೋಲಿಗೆ ಹಾಕಬೇಕಿತ್ತು, ಅಷ್ಟೇ.

ಮೊದಲು ನನ್ನ ಲ್ಯಾಪ್‌ಟಾಪ್‌ನ ಸಿ-ಟು-ಸಿ ಕೇಬಲ್ (ಎರಡೂ ತುದಿ ಸಿ) ಚುಚ್ಚಿದೆ. ಚಾರ್ಜಿಂಗ್ ದೀಪವೂ ಹತ್ತಲಿಲ್ಲ. ತಿರುಗಿಸಿ ಚುಚ್ಚಿದರೂ ಇಲ್ಲ. ಆಮೇಲೆ ಅವನು ತಂದಿದ್ದ ಕೇಬಲ್. ಒಂದು ತುದಿ ಹಳೇ ಚಪ್ಪಟೆ ಯುಎಸ್‌ಬಿ, ಇನ್ನೊಂದು ಸಿ. ದೀಪ ಹತ್ತಿತು, ಕಂಪ್ಯೂಟರ್ ಸುಮ್ಮನೆ ಕೂತಿತು. ಎರಡು ಕೇಬಲ್, ಎರಡು ಥರದ ತೊಂದರೆ. ಪೋರ್ಟೇ ಹೋಗಿದೆ ಅಂತ ಅನ್ನಿಸುವುದು ಇಲ್ಲೇ. ತಡೀರಿ, ಅಂಗಡಿಗೆ ಓಡಬೇಡಿ.

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ (ಕಂಪ್ಯೂಟರಿಗೆ ಜೋಡಿಸಿದ ಸಾಧನಗಳ ಪಟ್ಟಿ) ತೆರೆದಿಟ್ಟು ಕೇಬಲ್ ಚುಚ್ಚಿ ನೋಡಿ. ಡೇಟಾ ತಂತಿ ಜೀವಂತ ಇದ್ದರೆ ಆ ಪಟ್ಟಿ ಒಮ್ಮೆ ಮಿಣುಕುತ್ತದೆ. ಸಾಧನವನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಇಲ್ಲದಿದ್ದರೂ 'ಅನ್‌ನೋನ್ ಡಿವೈಸ್' ಅಂತಾದರೂ ಬರುತ್ತದೆ. ನಮಗೆ ಅದೂ ಬರಲಿಲ್ಲ. ಅಂದರೆ ಡ್ರೈವರ್ ಹುಡುಕುತ್ತಾ ಕೂರುವುದು ದಂಡ. ನನಗೆ ಕೇಬಲ್ ಮೇಲೇ ಅನುಮಾನ ಬಂತು.

ಫೋನಿನ ಡಬ್ಬಿಯಲ್ಲಿ ಬಂದಿದ್ದ, ಅದೇ ಥರ ಒಂದು ತುದಿ ಚಪ್ಪಟೆ ಇರುವ ಕೇಬಲ್ ಹುಡುಕಿ ಹಾಕಿದೆ. ಟಿಂಗ್ ಅಂತ ಸದ್ದು. ಹುಡುಗ ಕುರ್ಚಿಯಿಂದ ಎದ್ದೇಬಿಟ್ಟ.

ಅವನ ಕೇಬಲನ್ನು ಅವನೆದುರೇ ಕತ್ತರಿಸಿ ಸಿಪ್ಪೆ ಸುಲಿದೆ. ಒಳಗೆ ಎರಡೇ ತಂತಿ, ಕೆಂಪು ಮತ್ತು ಕಪ್ಪು. ಇವು ಕರೆಂಟಿಗೆ. ಡೇಟಾ ಸಾಗಿಸುವ ಹಸಿರು, ಬಿಳಿ ತಂತಿಗಳೇ ಇರಲಿಲ್ಲ. ಬರೀ ಚಾರ್ಜಿಂಗ್ ಕೇಬಲ್ ಅದು. ಹೊರಗಿನಿಂದ ನೋಡಿದರೆ ಡೇಟಾ ಕೇಬಲಿಗೂ ಇದಕ್ಕೂ ಒಂದಿಷ್ಟೂ ವ್ಯತ್ಯಾಸ ಇಲ್ಲ.

ಹಾಗಾದರೆ ನನ್ನ ಒಳ್ಳೇ ಸಿ-ಟು-ಸಿ ಯಾಕೆ ಕೆಲಸ ಮಾಡಲಿಲ್ಲ? ಲ್ಯಾಪ್‌ಟಾಪ್‌ನ ಸಿ ಪೋರ್ಟ್ ಸುಮ್ಸುಮ್ನೆ ಕರೆಂಟ್ ಬಿಡುವುದಿಲ್ಲ. ಕೇಬಲಿನ ಆ ಕಡೆಯ ಸಾಧನದಲ್ಲಿ 5.1 ಕಿಲೋ-ಓಮ್‌ನ ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಬಿಡಿಭಾಗ) ಕಂಡರೆ ಮಾತ್ರ 5 ವೋಲ್ಟ್ ಕೊಡುತ್ತದೆ. ಕಡಿಮೆ ಬೆಲೆಯ ಕೆಲವು ಸಾಧನಗಳಲ್ಲಿ ಈ ಪುಟಾಣಿ ರೆಸಿಸ್ಟರನ್ನೇ ಹಾಕಿರುವುದಿಲ್ಲ. ಹಳೇ ಚಪ್ಪಟೆ ಪೋರ್ಟ್ ಏನೂ ಕೇಳದೆ 5 ವೋಲ್ಟ್ ಕೊಡುತ್ತದೆ, ಹಾಗಾಗಿ ಅಲ್ಲಿ ನಡೆಯುತ್ತದೆ. ಈ ಕನ್ಸೋಲನ್ನು ನಾನು ಬಿಚ್ಚಿಲ್ಲ, ಆದರೆ ಲಕ್ಷಣ ಅದರದ್ದೇ. ಕೆಲವು ಪೈಸೆಯ ಬಿಡಿಭಾಗ ಉಳಿಸಿ ಮಕ್ಕಳನ್ನು ಹೀಗೆ ಕಂಗಾಲು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಸದ್ದು ಬಂತು, ಡ್ರೈವ್ ಇನ್ನೂ ಬಂದಿರಲಿಲ್ಲ. ಕನ್ಸೋಲಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಸ್ಟೋರೇಜ್ ಆನ್ ಮಾಡಿದ ಮೇಲೆ ಬಂತು. ಅದರ ಜೊತೆಗೇ ವಿಂಡೋಸ್ ಕೇಳಿತು: ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕಾ? ಹುಡುಗನ ಬೆರಳು ಮೌಸ್ ಮೇಲಿತ್ತು.

"ಬೇಡ! ಕ್ಯಾನ್ಸಲ್ ಒತ್ತು."

ಕಾರ್ಡಿನಲ್ಲಿ ಒಂದಕ್ಕಿಂತ ಜಾಸ್ತಿ ಭಾಗಗಳಿರುತ್ತವೆ. ಲಿನಕ್ಸ್‌ನ ಭಾಗ ವಿಂಡೋಸಿಗೆ ಓದಲು ಬರುವುದಿಲ್ಲ, ಅದಕ್ಕೇ ಅದು ಖಾಲಿ ಅಂದುಕೊಂಡವರ ಹಾಗೆ ಕೇಳುತ್ತದೆ. ಯೆಸ್ ಅಂದಿದ್ದರೆ ಆ ಭಾಗ ಅಳಿಸಿಹೋಗಿ ಕನ್ಸೋಲ್ ಮತ್ತೆ ಶುರುವೇ ಆಗುತ್ತಿರಲಿಲ್ಲ. ಗೇಮ್ ಹಾಕುವ ಭಾಗ ಪಕ್ಕದ ಡ್ರೈವ್‌ನಲ್ಲಿ ಸರಿಯಾಗಿ ತೆರೆಯಿತು.

ನಕಲು ಮಾಡುವ ಮೊದಲು ಕನ್ಸೋಲ್ ಆಫ್ ಮಾಡಿ, ಕಾರ್ಡ್ ತೆಗೆದು, ರೀಡರ್‌ನಲ್ಲಿ ಹಾಕಿ ಇಡೀ ಕಾರ್ಡಿನ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೇ ಒಂದು ಪ್ರತಿ, ಕಂಪ್ಯೂಟರಿನಲ್ಲಿ ಉಳಿಸಿಕೊಂಡೆವು. ಸಾಧನದ ಜೊತೆ ಪುಕ್ಕಟೆ ಬರುವ ಕಾರ್ಡನ್ನು ನಾನು ನಂಬುವುದಿಲ್ಲ. ಅಷ್ಟರಲ್ಲಿ ಅಕ್ಕನ ಫೋನ್ ಬಂತು, ಊಟಕ್ಕೆ ಹೊತ್ತಾಯ್ತು ಅಂತ. ಹುಡುಗ ನಾಲ್ಕೂ ಗೇಮ್ ಹಾಕಿಕೊಂಡು, ಇಜೆಕ್ಟ್ ಒತ್ತಿ, ನನ್ನ ಫೋನಿನ ಕೇಬಲಿಗೆ ಬಿಳಿ ಟೇಪ್ ಸುತ್ತಿ 'ಡೇಟಾ' ಅಂತ ಬರೆದು, ಜೇಬಿಗೆ ಹಾಕಿಕೊಂಡು ಹೊರಟ.