ಅಮೆರಿಕದ ಗಂಡ-ಹೆಂಡತಿ ವೀಸಾ: ಬೇಗ ಮಾಡಿಕೊಡಿ ಎಂದು ಕೇಳುವುದು ಹೇಗೆ?

ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಓದಿ ಅಮೆರಿಕಕ್ಕೆ ಹೋಗಿ ನೆಲೆ ನಿಂತವರು ಈಗ ಕಲಬುರಗಿ, ಬೀದರ್, ಯಾದಗಿರಿಯ ಸಾಕಷ್ಟು ಮನೆಗಳಲ್ಲಿದ್ದಾರೆ. ಊರಿಗೆ ಬಂದು ಮದುವೆಯಾಗುತ್ತಾರೆ, ರಜೆ ಮುಗಿಸಿ ವಾಪಸ್ ಹೋಗುತ್ತಾರೆ. ಹೆಂಡತಿ ಇಲ್ಲೇ ಉಳಿಯುತ್ತಾಳೆ. ತಿಂಗಳುಗಳು ಕಳೆದರೂ ಫೈಲು ಅಲುಗಾಡದಾಗ ಮನೆಯಲ್ಲಿ ಯಾರೋ ಒಬ್ಬರು "ಅರ್ಜೆಂಟ್ ಅಂತ ಒಂದು ಅರ್ಜಿ ಹಾಕಿಬಿಡ್ರಿ" ಅನ್ನುತ್ತಾರೆ. ಹಾಕುತ್ತಾರೆ ಕೂಡ. ಫೈಲು ಇಲ್ಲದ ಕಚೇರಿಗೆ, ಕಾಗದವಿಲ್ಲದೆ, ನಾಲ್ಕು ಪುಟ ಗೋಳು ಬರೆದು. ಇಂಥ ಪತ್ರಗಳನ್ನು ಓದಿ ಓದಿ ಸಾಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹೆಂಡತಿ ಅಲ್ಲಿದ್ದು ಗಂಡ ಇಲ್ಲಿದ್ದರೂ ದಾರಿ ಇದೇ.

ಮೊದಲು, ನಿಮ್ಮದು ಯಾವ ವೀಸಾ?

ಗಂಡ ಎಚ್-1ಬಿ ಮೇಲೆ ಕೆಲಸ ಮಾಡುತ್ತಿದ್ದರೆ ಹೆಂಡತಿಗೆ ಬೇಕಾದದ್ದು ಎಚ್-4. ಅದರ ದಾರಿಯೇ ಬೇರೆ, ಈ ಲೇಖನ ಅದಕ್ಕಲ್ಲ. ಇಲ್ಲಿ ಹೇಳುತ್ತಿರುವುದು ವಲಸೆ ವೀಸಾ ಬಗ್ಗೆ, ಅಂದರೆ ಗಂಡ ಹೆಂಡತಿಗಾಗಿ ಐ-130 ಎಂಬ ಅರ್ಜಿ ಹಾಕಿ, ಆಕೆ ಅಲ್ಲಿ ಇಳಿದ ಮೇಲೆ ಗ್ರೀನ್ ಕಾರ್ಡ್ ಸಿಗುವ ವೀಸಾ.

ಇದರಲ್ಲೂ ಎರಡು ಬಗೆ ಇದೆ. ಗಂಡ ಅಮೆರಿಕದ ಪ್ರಜೆಯಾಗಿದ್ದರೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇಲ್ಲ. ಬರೀ ಗ್ರೀನ್ ಕಾರ್ಡ್ ಇದ್ದರೆ ಎಫ್2ಎ ಎಂಬ ವರ್ಗಕ್ಕೆ ಬರುತ್ತೀರಿ. ಅಲ್ಲಿ ಮಿತಿ ಇದೆ, ಸರದಿ ಇದೆ. ಪ್ರತಿ ತಿಂಗಳು ಬರುವ ವೀಸಾ ಬುಲೆಟಿನ್‌ನಲ್ಲಿ ನಿಮ್ಮ ಪ್ರಯಾರಿಟಿ ದಿನಾಂಕದ (ಐ-130 ಸಲ್ಲಿಕೆಯಾದ ದಿನದ) ಸರದಿ ಬರುವವರೆಗೆ ಎಂಥ ಅರ್ಜೆಂಟ್ ಕಾರಣ ಕೊಟ್ಟರೂ ವೀಸಾ ಕೊಡಲು ಬರುವುದಿಲ್ಲ. ಇದನ್ನು ತಿಳಿಯದೆ ಪತ್ರದ ಮೇಲೆ ಪತ್ರ ಬರೆಯುವವರಿದ್ದಾರೆ. ಇಂಥವರಿಗೆ ನಾನು ಹೇಳುವುದು ಒಂದೇ: ಗಂಡನಿಗೆ ಪೌರತ್ವಕ್ಕೆ ಬೇಕಾದ ವರ್ಷ ತುಂಬಿದ್ದರೆ, ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಸಿಕ್ಕ 5 ವರ್ಷಕ್ಕೆ, ಮೊದಲು ಆ ಅರ್ಜಿ ಹಾಕಲಿ. ಪ್ರಜೆಯಾದ ಕೂಡಲೇ ಪ್ರಮಾಣಪತ್ರ ಕಳಿಸಿದರೆ ಅದೇ ಫೈಲು ಮಿತಿ ಇಲ್ಲದ ಸಾಲಿಗೆ ಸೇರುತ್ತದೆ.

ಫೈಲು ಈಗ ಎಲ್ಲಿದೆ?

ಒಂದೇ ಫೈಲು ಮೂರು ಕಡೆ ಹೋಗುತ್ತದೆ. ಮೊದಲು ಯುಎಸ್‌ಸಿಐಎಸ್, ಅಂದರೆ ಅಮೆರಿಕದ ವಲಸೆ ಇಲಾಖೆ. ಅಲ್ಲಿ ಐ-130 ಒಪ್ಪಿಗೆಯಾದ ಮೇಲೆ ಎನ್‌ವಿಸಿ, ಅಂದರೆ ರಾಷ್ಟ್ರೀಯ ವೀಸಾ ಕೇಂದ್ರ. ಕೊನೆಗೆ ಸಂದರ್ಶನಕ್ಕೆ ಮುಂಬೈ ಕಾನ್ಸುಲೇಟ್. ಹೈದರಾಬಾದ್ ನಮಗೆ ಹತ್ತಿರ, ಅಲ್ಲೂ ಕಾನ್ಸುಲೇಟ್ ಇದೆ, ನಿಜ. ಆದರೆ ವಲಸೆ ವೀಸಾ ಸಂದರ್ಶನ ನಡೆಯುವುದು ಮುಂಬೈಯಲ್ಲಿ. ಹೈದರಾಬಾದಿಗೆ ಹೋಗಿ ಗೇಟಿನಲ್ಲಿ ಕೇಳುವ ಕೆಲಸ ಬೇಡ.

ಫೈಲು ಎಲ್ಲಿದೆ ಎಂದು ಅದರ ಸಂಖ್ಯೆಯೇ ಹೇಳುತ್ತದೆ. ಐಒಇ ಅಥವಾ ಅಂಥದ್ದೇ ಮೂರು ಅಕ್ಷರ, ನಂತರ ಹತ್ತು ಅಂಕಿ ಇದ್ದರೆ ಅದು ಯುಎಸ್‌ಸಿಐಎಸ್ ರಸೀದಿ. ಬಿಎಂಬಿ ಎಂದು ಶುರುವಾದರೆ ಎನ್‌ವಿಸಿ ಕೊಟ್ಟದ್ದು, ಬಿಎಂಬಿ ಅಂದರೆ ಮುಂಬೈ. ನಿಮ್ಮ ಹತ್ತಿರ ರಸೀದಿ ಮಾತ್ರ ಇದೆ, ಬಿಎಂಬಿ ಸಂಖ್ಯೆ ಇನ್ನೂ ಬಂದಿಲ್ಲ ಅಂದರೆ ಮುಂಬೈಗೆ ಇಮೇಲ್ ಮಾಡುವುದು ದಂಡ. ಅವರ ಹತ್ತಿರ ನಿಮ್ಮ ಫೈಲೇ ಇರುವುದಿಲ್ಲ.

ಇನ್ನೊಂದು ವಿಷಯ. ಒಂದು ಕಚೇರಿ ಬೇಗ ಮಾಡಿಕೊಟ್ಟಿತು ಅಂದರೆ ಮುಂದಿನ ಕಚೇರಿಯೂ ಹಾಗೇ ಮಾಡುತ್ತದೆ ಎಂದು ಕೂರಬೇಡಿ. ಅಲ್ಲಿ ಮತ್ತೆ ಕೇಳಬೇಕು, ಹೊಸ ದಿನಾಂಕದ ಕಾಗದದೊಂದಿಗೆ.

ಕಾರಣ ಯಾವುದು ನಡೆಯುತ್ತದೆ

ದುಡ್ಡು ಕಟ್ಟಿ ಬೇಗ ಮಾಡಿಸುವ ಪ್ರೀಮಿಯಂ ಸೇವೆ ಐ-130ಕ್ಕೆ ಇಲ್ಲ. ಎಚ್-1ಬಿಗೆ ಇದೆ, ಬ್ರಿಟನ್ನಿನ ವೀಸಾಕ್ಕೂ ಹಣ ಕಟ್ಟಿ ಬೇಗ ಪಡೆಯುವ ಸೇವೆ ಇದೆ. ಇವೆರಡನ್ನೂ ಕಲಸಿ "ಪ್ರೀಮಿಯಂ ಮಾಡಿಸ್ತೀವಿ" ಎಂದು ಹಣ ಕೇಳುವ ಏಜೆಂಟರಿದ್ದಾರೆ. ಎದ್ದು ಬನ್ನಿ. ಬೇಗ ಮಾಡಿ ಎಂದು ಕೇಳುವ ಎಕ್ಸ್‌ಪೆಡೈಟ್ ಕೋರಿಕೆಗೆ ಒಂದು ಪೈಸೆ ಶುಲ್ಕವೂ ಇಲ್ಲ.

ಯುಎಸ್‌ಸಿಐಎಸ್ ಒಪ್ಪಬಹುದಾದ ಕಾರಣಗಳನ್ನು ಅದೇ ಹೇಳಿದೆ. ವ್ಯಕ್ತಿಗೋ ಕಂಪನಿಗೋ ತೀವ್ರ ಹಣದ ನಷ್ಟ, ತುರ್ತು ಮಾನವೀಯ ಪರಿಸ್ಥಿತಿ, ಅಮೆರಿಕ ಸರ್ಕಾರದ ಹಿತಕ್ಕೆ ಸಂಬಂಧಿಸಿದ್ದು, ಇಲಾಖೆಯದೇ ತಪ್ಪು, ಇಂಥವು. ನಷ್ಟ ನೀವೇ ತಡಮಾಡಿ ಅರ್ಜಿ ಹಾಕಿದ್ದರಿಂದ ಆಗಿದ್ದರೆ ಲೆಕ್ಕಕ್ಕಿಲ್ಲ. ಎನ್‌ವಿಸಿ ಇನ್ನೂ ಬಿಗಿ. ಸಾವು-ಬದುಕಿನ ಪ್ರಶ್ನೆಯಾದ ಕಾಯಿಲೆ ಇದ್ದರೆ ಅದರ ಕೋರಿಕೆಯನ್ನು ಕಾನ್ಸುಲೇಟ್‌ಗೆ ಕಳಿಸುತ್ತದೆ, ತೀರ್ಮಾನ ಕಾನ್ಸುಲೇಟಿನದು.

ಒಬ್ಬಳೇ ಇದ್ದೇನೆ, ಅತ್ತೆ ಮನೆಯಲ್ಲಿ ಜನ ಮಾತಾಡುತ್ತಾರೆ, ಎರಡು ಕಡೆ ಮನೆ ಬಾಡಿಗೆ ಕಟ್ಟುತ್ತಿದ್ದೇವೆ. ಇವೆಲ್ಲ ನಿಜವಾದ ಕಷ್ಟಗಳೇ. ಆದರೆ ಆ ಸಾಲಿನಲ್ಲಿರುವ ಎಲ್ಲ ಗಂಡ-ಹೆಂಡಿರಿಗೂ ಇದೇ ಕಷ್ಟ ಅಲ್ವಾ? ಅಧಿಕಾರಿ ಹುಡುಕುವುದು ನಿಮ್ಮ ಒಬ್ಬರಿಗೆ ಮಾತ್ರ ಇರುವ, ದಿನಾಂಕ ಇರುವ ಕಾರಣವನ್ನು. ಬರೀ ಗರ್ಭಿಣಿ ಎಂಬುದರ ಮೇಲೆ ಕೋರಿಕೆ ಹಾಕಬೇಡಿ ಎಂಬುದು ನನ್ನ ಸಲಹೆ. ತಾಯಿಗೋ ಮಗುವಿಗೋ ಅಪಾಯವಿದೆ ಎಂದು ವೈದ್ಯರು ಬರೆದುಕೊಟ್ಟರೆ ಆ ಮಾತು ಬೇರೆ.

ವೈದ್ಯರ ಪತ್ರ: ಎಲ್ಲರೂ ಎಡವುವುದು ಇಲ್ಲೇ

ನಮ್ಮ ಕಡೆ ವೈದ್ಯರನ್ನು ಪತ್ರ ಕೇಳಿದರೆ ಸಿಗುವುದು ಒಂದು ಚೀಟಿ. ರೋಗಿ ನನ್ನ ಚಿಕಿತ್ಸೆಯಲ್ಲಿದ್ದಾರೆ, ವಿಶ್ರಾಂತಿ ಬೇಕು, ಕುಟುಂಬದ ಆಸರೆ ಬೇಕು. ಕೆಳಗೆ ಓದಲಾಗದ ಸಹಿ. ಶಾಲೆಗೆ ರಜೆ ಹಾಕಲು ಇದು ಸಾಕು, ವೀಸಾಕ್ಕೆ ಸಾಲದು. ವೈದ್ಯರ ತಪ್ಪೂ ಅಲ್ಲ, ಏನು ಬರೆಯಬೇಕು ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ. ಹಾಗಾಗಿ ಒಂದು ಹಾಳೆಯಲ್ಲಿ ಬೇಕಾದ ಅಂಶಗಳನ್ನು ಬರೆದುಕೊಂಡೇ ಹೋಗಿ. ಒಪಿಡಿ ಸಾಲಿನಲ್ಲಿ ನಿಂತು ಕೇಳಬೇಡಿ, ಸಂಜೆ ರೋಗಿಗಳು ಕಡಿಮೆಯಾದ ಮೇಲೆ ಹೋಗಿ.

ಪತ್ರ ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ, ಇಂಗ್ಲಿಷಿನಲ್ಲಿ, ಟೈಪ್ ಮಾಡಿದ್ದಾಗಿರಲಿ. ವೈದ್ಯರ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಫೋನ್, ಇಮೇಲ್ ಇರಲೇಬೇಕು. ಫೋನ್ ಮತ್ತು ಇಮೇಲ್ ಇಲ್ಲದ ಪತ್ರವನ್ನು ಎನ್‌ವಿಸಿ ಪರಿಗಣಿಸುವುದಿಲ್ಲ. ಕಾಯಿಲೆಯ ಹೆಸರು, ಅದು ಪತ್ತೆಯಾದ ದಿನ, ಈಗಿನ ಸ್ಥಿತಿ, ಮುಂದಿನ ಚಿಕಿತ್ಸೆ ಯಾವಾಗ ಎಂಬುದು ವೈದ್ಯರಲ್ಲದವರಿಗೂ ತಿಳಿಯುವ ಮಾತಿನಲ್ಲಿರಲಿ. ಎನ್‌ವಿಸಿಗೆ ಕಳಿಸುವ ಪತ್ರವಾದರೆ ಇದು ಸಾವು-ಬದುಕಿನ ತುರ್ತು ಪರಿಸ್ಥಿತಿ ಎಂಬ ವಾಕ್ಯ ನೇರವಾಗಿ ಇರಬೇಕು. ಸುತ್ತಿ ಬಳಸಿ "ಗಂಭೀರ" ಎಂದರೆ ಆಗುವುದಿಲ್ಲ. ಪರಿಸ್ಥಿತಿ ಹಾಗಿಲ್ಲ ಎಂದು ವೈದ್ಯರು ಹೇಳಿದರೆ ಒತ್ತಾಯ ಮಾಡಬೇಡಿ, ಆ ದಾರಿ ನಿಮ್ಮದಲ್ಲ.

ಇನ್ನು ಹೆಚ್ಚಿನ ಪತ್ರಗಳಲ್ಲಿ ಕಾಣೆಯಾಗುವ ಒಂದು ಅಂಶವಿದೆ. ಕಾಯಿಲೆಗೂ ವೀಸಾಕ್ಕೂ ಏನು ಸಂಬಂಧ? ಡಲ್ಲಾಸ್‌ನಲ್ಲಿರುವ ಗಂಡನಿಗೆ ಮೂಳೆಮಜ್ಜೆ ಕಸಿ ಆಗಬೇಕಿದೆ ಎಂದಿಟ್ಟುಕೊಳ್ಳಿ. ಕಸಿ ಆದ ಮೇಲೆ ವಾರಗಟ್ಟಲೆ ಹಗಲು-ರಾತ್ರಿ ಜೊತೆಗೆ ಒಬ್ಬರು ಇರಬೇಕು ಎಂದು ಆಸ್ಪತ್ರೆಯೇ ಕೇಳುತ್ತದೆ. ಆ ಮಾತು ಪತ್ರದಲ್ಲಿ ಬರಲಿ. ಕಸಿಯ ದಿನಾಂಕ ಬರಲಿ. ನೋಡಿಕೊಳ್ಳಲು ಅಲ್ಲಿ ಬೇರೆ ಯಾರೂ ಇಲ್ಲ ಎಂಬುದನ್ನು ಗಂಡ ತನ್ನ ಪತ್ರದಲ್ಲಿ ಬರೆಯಲಿ. ಆಗ ಓದಿದವರಿಗೆ ಈ ವೀಸಾ ಇಂಥ ದಿನದೊಳಗೆ ಯಾಕೆ ಬೇಕು ಎಂಬುದು ಕೇಳದೆಯೇ ತಿಳಿಯುತ್ತದೆ. ಕಾಯಿಲೆ ಗಂಡನದಾದರೆ ಪತ್ರ ಅಮೆರಿಕದ ವೈದ್ಯರಿಂದಲೇ ಬರಬೇಕು. ಕಲಬುರಗಿಯ ಪರಿಚಯದ ಡಾಕ್ಟರು ಫೋನಿನಲ್ಲಿ ಕೇಳಿ ಬರೆದುಕೊಟ್ಟದ್ದು ಬೇಡ.

ಸುಳ್ಳು ಪತ್ರ ಮಾಡಿಸಿಕೊಡುವವರೂ ಇದ್ದಾರೆ. ವೀಸಾಕ್ಕಾಗಿ ಸುಳ್ಳು ಕಾಗದ ಕೊಟ್ಟದ್ದು ಸಾಬೀತಾದರೆ ಅಮೆರಿಕ ಪ್ರವೇಶಕ್ಕೆ ಜೀವಮಾನದ ತಡೆ ಬೀಳಬಹುದು. ಆ ಕಾಗದದಲ್ಲಿ ಫೋನ್ ಸಂಖ್ಯೆ ಇರುತ್ತದೆ, ಅವರು ಫೋನ್ ಮಾಡಿ ವಿಚಾರಿಸಬಹುದು.

ನಿಮ್ಮ ಪತ್ರ

ಒಂದೇ ಪುಟ. ಮೇಲೆ ಫೈಲಿನ ಸಂಖ್ಯೆ, ಇಬ್ಬರ ಹೆಸರು ಪಾಸ್‌ಪೋರ್ಟ್‌ನಲ್ಲಿದ್ದಂತೆ, ಜನ್ಮದಿನಾಂಕ. ಮೊದಲ ಸಾಲಿನಲ್ಲೇ ಏನು ಬೇಕು, ಯಾಕೆ ಎಂದು ಹೇಳಿ. ಆಮೇಲೆ ಏನಾಗಿದೆ, ಯಾವ ದಿನದೊಳಗೆ ಬೇಕು, ತಡವಾದರೆ ಏನಾಗುತ್ತದೆ. ಪ್ರತಿ ಮಾತಿನ ಮುಂದೆ ಯಾವ ಕಾಗದದಲ್ಲಿ ಅದಕ್ಕೆ ಸಾಕ್ಷಿ ಇದೆ ಎಂದು ಬರೆಯಿರಿ. ಮದುವೆಯ ಆಲ್ಬಮ್, ದೇವರ ಹೆಸರು, "ತಮ್ಮ ಪಾದಗಳಿಗೆ ನಮಸ್ಕರಿಸಿ" ಇವೆಲ್ಲ ತೆಗೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ರೆಡಿಮೇಡ್ ಪತ್ರವನ್ನಂತೂ ಮುಟ್ಟಲೇಬೇಡಿ. ಹೆಸರು ಬದಲಿಸಲು ಮರೆತು ಬೇರೆಯವರ ಹೆಂಡತಿಗೆ ವೀಸಾ ಕೇಳಿದ ಪತ್ರವನ್ನು ಕಣ್ಣಾರೆ ಕಂಡಿದ್ದೇನೆ.

ಕನ್ನಡ, ಉರ್ದು ಕಾಗದಗಳಿಗೆ ಇಂಗ್ಲಿಷ್ ಅನುವಾದ ಬೇಕು. ಅನುವಾದ ಪೂರ್ತಿ ಸರಿಯಾಗಿದೆ, ನನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದ ಮಾಡಿದವರು ಬರೆದು ಸಹಿ ಹಾಕಿದರೆ ಆಯಿತು. ಅನುವಾದಕ್ಕೆ ನೋಟರಿ ಸೀಲು ಬೇಕಿಲ್ಲ. ಕೋರ್ಟ್ ಮುಂದೆ ಕೂತವರು ಬೇಕೇ ಬೇಕು ಅನ್ನುತ್ತಾರೆ, ಅದು ಅವರ ವ್ಯಾಪಾರ. ಸ್ಕ್ಯಾನ್ ಮಾತ್ರ ಅಂಗಡಿಯ ಫ್ಲಾಟ್‌ಬೆಡ್ ಯಂತ್ರದಲ್ಲೇ ಮಾಡಿಸಿ. ಮೊಬೈಲ್‌ನ ಉಚಿತ ಸ್ಕ್ಯಾನ್ ಆ್ಯಪ್‌ಗಳು ಕೆಲವು ಪ್ರತಿ ಪುಟದ ಕೆಳಗೆ ತಮ್ಮ ಹೆಸರು ಒತ್ತುತ್ತವೆ, ಕೈಯ ನೆರಳು ಬೇರೆ ಬೀಳುತ್ತದೆ.

ಕಳಿಸುವುದು

ಯುಎಸ್‌ಸಿಐಎಸ್ ಹಂತದಲ್ಲಿ ಕೇಳಬೇಕಾದವರು ಐ-130 ಹಾಕಿದವರು, ಅಂದರೆ ಅಲ್ಲಿರುವ ಗಂಡ, ಇಲ್ಲವೇ ಅವರ ವಕೀಲರು. ಇಲ್ಲಿಂದ ಮಾವನವರು ಫೋನ್ ಮಾಡಿದರೆ ಪ್ರಯೋಜನವಿಲ್ಲ. ತಮ್ಮ ಆನ್‌ಲೈನ್ ಖಾತೆಯಿಂದ ಸಂದೇಶ ಕಳಿಸಬಹುದು, ಕಾಂಟ್ಯಾಕ್ಟ್ ಸೆಂಟರ್‌ಗೆ ಫೋನ್ ಮಾಡಬಹುದು. ನಾನು ಖಾತೆಯ ಸಂದೇಶವನ್ನೇ ಹೇಳುತ್ತೇನೆ, ಬರೆದದ್ದು ದಾಖಲೆಯಾಗಿ ಉಳಿಯುತ್ತದೆ. ಎನ್‌ವಿಸಿ ಹಂತದಲ್ಲಿ ಎಕ್ಸ್‌ಪೆಡೈಟ್‌ಗೆಂದೇ ಬೇರೆ ಇಮೇಲ್ ವಿಳಾಸವಿದೆ, ಅಮೆರಿಕ ವಿದೇಶಾಂಗ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ.

ಕಳಿಸಿದ ಮೇಲೆ ಸುಮ್ನಿರಿ. ದಿನಾ ಕಳಿಸಿದರೆ ಫೈಲು ಓಡುವುದಿಲ್ಲ. ಯುಎಸ್‌ಸಿಐಎಸ್ ಬೇಡ ಎಂದರೆ ಸಾಮಾನ್ಯವಾಗಿ ಕಾರಣ ಹೇಳುವುದಿಲ್ಲ, ಮೇಲ್ಮನವಿಯೂ ಇಲ್ಲ. ಹೊಸ ಕಾಗದ ಸಿಕ್ಕರೆ ಹೊಸದಾಗಿ ಕೇಳಬಹುದು. ಗಂಡ ಇರುವ ಕ್ಷೇತ್ರದ ಕಾಂಗ್ರೆಸ್ ಸದಸ್ಯರ ಕಚೇರಿಗೂ ಬರೆಯಬಹುದು. ಒಪ್ಪಿಗೆಯ ಫಾರಂಗೆ ಸಹಿ ಮಾಡಿಸಿಕೊಂಡು ಅವರು ನಿಮ್ಮ ಪರವಾಗಿ ವಿಚಾರಿಸುತ್ತಾರೆ. ವಿಚಾರಿಸುತ್ತಾರೆ ಅಷ್ಟೇ, ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ಇಲಾಖೆಯೇ ಹೇಳಿದ ಸಾಮಾನ್ಯ ಅವಧಿ ದಾಟಿದ್ದರೆ ಅದಕ್ಕೆ ಎಕ್ಸ್‌ಪೆಡೈಟ್ ಬೇಡ, ಅವಧಿ ಮೀರಿದ ಫೈಲಿನ ವಿಚಾರಣೆ ಎಂದೇ ಬೇರೆ ಫಾರಂ ಇದೆ.

ದಿನಾಂಕ ಸಿಕ್ಕಿತು, ಕಾಗದ ಎಲ್ಲಿ?

ಕೋರಿಕೆ ಒಪ್ಪಿ ಮುಂಬೈ ದಿನಾಂಕ ಕೊಟ್ಟಾಗ ಜನ್ಮ ಪ್ರಮಾಣಪತ್ರಕ್ಕೆ ಪಾಲಿಕೆಗೆ ಓಡುವವರಿದ್ದಾರೆ. ವಲಸೆ ವೀಸಾ ಅರ್ಜಿಯಾದ ಡಿಎಸ್-260, ಹೆಂಡತಿಯ ಖರ್ಚು ನೋಡಿಕೊಳ್ಳುತ್ತೇನೆ ಎಂದು ಗಂಡ ಆದಾಯ ತೋರಿಸಿ ಕೊಡುವ ಐ-864, ಇಲ್ಲಿಯ ದಾಖಲೆ ಎಲ್ಲ ಮೊದಲೇ ಸಿದ್ಧವಿರಲಿ. ಹಳೆಯ ಜನ್ಮ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರೇ ಇರುವುದಿಲ್ಲ, ಬರೀ ಹೆಣ್ಣು ಎಂದಿರುತ್ತದೆ. ಹೆಸರು ಸೇರಿಸಿಸಿ. ಮದುವೆಗೆ ಉಪನೋಂದಣಾಧಿಕಾರಿ ಕಚೇರಿಯ ಪ್ರಮಾಣಪತ್ರ ಬೇಕು, ಗುಡಿಯಲ್ಲೋ ಮಠದಲ್ಲೋ ಕೊಟ್ಟ ಚೀಟಿ ನಡೆಯದು. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಮೂಲಕವೇ ಆಗಲಿ, ಠಾಣೆಯದ್ದು ಬೇಡ. ಒಂದು ಕಾಗದದಲ್ಲಿ ಗುಲ್ಬರ್ಗ, ಇನ್ನೊಂದರಲ್ಲಿ ಕಲಬುರಗಿ ಎಂದಿದ್ದರೆ ಗಾಬರಿ ಬೇಡ. 2014ರ ನವೆಂಬರ್ 1ರಂದು ಹೆಸರು ಬದಲಾದದ್ದು ಸರ್ಕಾರಿ ದಾಖಲೆಯಲ್ಲೇ ಇದೆ. ನಿಮ್ಮ ಹೆಸರಿನ ಕಾಗುಣಿತ ಬೇರೆ ಬೇರೆ ಇದ್ದರೆ ಮಾತ್ರ ಗಾಬರಿಪಡಿ.

ಮೆಡಿಕಲ್ ತಪಾಸಣೆ ಕಾನ್ಸುಲೇಟ್ ಒಪ್ಪಿದ ವೈದ್ಯರಲ್ಲೇ, ಅದೂ ಸಂದರ್ಶನದ ದಿನಾಂಕ ಸಿಕ್ಕ ಮೇಲೆ. ಎಕ್ಸ್‌ರೇಯಲ್ಲಿ ಕ್ಷಯದ ಗುರುತು ಕಂಡರೆ ಕಫದ ಕಲ್ಚರ್ ಪರೀಕ್ಷೆ ಮಾಡುತ್ತಾರೆ, ಅದರ ಫಲಿತಾಂಶಕ್ಕೆ 8 ವಾರದವರೆಗೂ ಬೇಕು. ಅದನ್ನು ಯಾವ ಪತ್ರವೂ ಬೇಗ ಮಾಡಿಸದು, ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ದಿನ ಬೇಕು. ಹಿಂದೆ ಟಿಬಿ ಚಿಕಿತ್ಸೆ ಆಗಿದ್ದರೆ ಹಳೆಯ ಎಕ್ಸ್‌ರೇ, ಚಿಕಿತ್ಸೆಯ ಕಾರ್ಡ್ ಜೊತೆಗೆ ಒಯ್ಯಿರಿ.

ಮುಂಬೈಗೆ ರೈಲು ಸಾಕಷ್ಟಿವೆ. ಕಲಬುರಗಿಯಿಂದ ಉದ್ಯಾನ್ ಅಥವಾ ಹುಸೇನ್‌ಸಾಗರ್ ಹಿಡಿದು ದಾದರ್‌ನಲ್ಲಿ ಇಳಿಯುವುದು ಒಳ್ಳೆಯದು, ಕಾನ್ಸುಲೇಟ್ ಇರುವ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ ಅಲ್ಲಿಂದ ಹತ್ತಿರ. ಸಂದರ್ಶನದ ದಿನವೇ ಬೆಳಗ್ಗೆ ತಲುಪುವ ಲೆಕ್ಕ ಹಾಕಬೇಡಿ. ಬೆರಳಚ್ಚು ಕೊಡುವ ಕೆಲಸ ಬೇರೆ ದಿನ ಇರುತ್ತದೆ, ರೈಲು ತಡವಾಗುವುದೂ ಇದೆ. ಸಂದರ್ಶನ ಮುಗಿದ ಮೇಲೆ 221ಜಿ ಎಂಬ ಚೀಟಿ ಕೊಟ್ಟರೆ ಅದರಲ್ಲಿ ಕೇಳಿದ ಕಾಗದವನ್ನು ಮಾತ್ರ, ಕೇಳಿದ ರೀತಿಯಲ್ಲೇ ಕಳಿಸಿ.

ವಿಮಾನದ ಟಿಕೆಟ್ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ. ಟಿಕೆಟ್ ತೆಗೆದುಬಿಟ್ಟಿದ್ದೇವೆ ಎಂಬುದನ್ನು ಅರ್ಜೆಂಟ್ ಕಾರಣವಾಗಿ ತೋರಿಸುವವರಿಗೆ ದುಡ್ಡು ಹೋಗುತ್ತದೆ, ವೀಸಾ ಬರುವುದಿಲ್ಲ. ಹೊರಡುವ ಮೊದಲು ಯುಎಸ್‌ಸಿಐಎಸ್‌ನ ವಲಸಿಗ ಶುಲ್ಕ 235 ಡಾಲರನ್ನು ಆನ್‌ಲೈನಿನಲ್ಲಿ ಕಟ್ಟಿಬಿಡಿ. ಅದು ಕಟ್ಟದಿದ್ದರೆ ಗ್ರೀನ್ ಕಾರ್ಡ್ ಅಚ್ಚಾಗುವುದಿಲ್ಲ.