ಏರಿನಲ್ಲಿ ಕಟಕಟ ಅನ್ನುತ್ತಿದ್ದ ನಮ್ಮ ಜಿಪ್ಸಿ

ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ತಿರ, ಗುಡ್ಡೆಯ ಬುಡದಲ್ಲಿ. ತೋಟದಿಂದ ಡಾಂಬರು ರಸ್ತೆ ಸೇರಬೇಕಾದರೆ ಒಂದು ಕಡಿದಾದ ಏರು ಹತ್ತಬೇಕು. ವರ್ಷಗಳಿಂದ ಅದನ್ನು ಹತ್ತುತ್ತಿರುವುದು ನಮ್ಮ ಹಳೇ ಮಾರುತಿ ಜಿಪ್ಸಿ ಜೀಪು. 970 ಸಿಸಿ ಪೆಟ್ರೋಲ್ ಇಂಜಿನ್, ಕಾರ್ಬುರೇಟರಿನದು, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಕೊಡುವ ಹಳೇ ಬಗೆಯದು. ಹಿಂದಿನ ಸೀಟು ಕಿತ್ತು ಪಿಕಪ್ ಮಾಡಿಕೊಂಡಿದ್ದೇವೆ. ಅಡಿಕೆ ಗೋಣಿ, ಗೊಬ್ಬರ, ಮೈಲುತುತ್ತು, ಸುಣ್ಣ ಎಲ್ಲ ಅದರಲ್ಲೇ.

ಕಳೆದ ಬೇಸಗೆಯಲ್ಲಿ ಗೋಣಿ ಹೇರಿಕೊಂಡು ಹೊರಟಾಗ ಏರಿನ ನಡುವೆ ಒಂದು ಸದ್ದು ಶುರುವಾಯಿತು. ತಗಡಿನ ಡಬ್ಬಿಗೆ ಗುಲಗಂಜಿ ಹಾಕಿ ಕುಲುಕಿಸಿದ ಹಾಗೆ. ಆಕ್ಸಿಲರೇಟರ್ ಬಿಟ್ಟರೆ ನಿಲ್ಲುತ್ತದೆ, ಒತ್ತಿದರೆ ಮತ್ತೆ ಕಟಕಟ. ವಾಲ್ವ್ ಒತ್ತುವ ಟ್ಯಾಪೆಟ್ಟಿನ ಸದ್ದಾಗಿದ್ದರೆ ನ್ಯೂಟ್ರಲ್‌ನಲ್ಲೂ ಕೇಳಬೇಕಿತ್ತು, ಅಲ್ವಾ? ಇದು ಭಾರ ಬಿದ್ದಾಗ ಮಾತ್ರ. ಪ್ಲಗ್ ಬಿಚ್ಚಿ ನೋಡಿದೆ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಚೆಲ್ಲಿದಂಥ ಚುಕ್ಕೆಗಳು. ನಾಕಿಂಗೇ ಅಂತ ಆಗ ಗಟ್ಟಿಯಾಯಿತು. ನಾಕಿಂಗ್ ಅಂದರೆ ಪ್ಲಗ್ ಹಚ್ಚಿದ ಬೆಂಕಿ ಸಿಲಿಂಡರಿನ ಮೂಲೆ ಮುಟ್ಟುವ ಮೊದಲೇ, ಅಲ್ಲಿ ಉಳಿದ ಪೆಟ್ರೋಲ್-ಗಾಳಿ ಮಿಶ್ರಣ ಬಿಸಿಗೆ ಮತ್ತು ಒತ್ತಡಕ್ಕೆ ತಾನಾಗಿಯೇ ಸಿಡಿಯುತ್ತದೆ. ಹಾಗೇ ಬಿಟ್ಟರೆ ಒಂದು ದಿನ ಪಿಸ್ಟನ್ ತಿನ್ನುತ್ತದೆ.

ಮೊದಲು ತೋರಿಸಿದ ಮೆಕ್ಯಾನಿಕ್ ಪ್ಲಗ್‌ಗಳಿಗೆ ಸರದಿಯಲ್ಲಿ ಸ್ಪಾರ್ಕ್ ಹಂಚುವ ಡೆಲ್ಕೋ ಸಡಿಲಿಸಿ, ಸ್ಪಾರ್ಕ್ ತಡವಾಗಿ ಬೀಳುವ ಹಾಗೆ ಒಂದಿಷ್ಟು ಹಿಂದಕ್ಕೆ ತಿರುಗಿಸಿದ. ಡಿಸ್ಟ್ರಿಬ್ಯೂಟರ್ ಅಂದರೆ ನಮ್ಮ ಕಡೆ ಯಾರಿಗೂ ತಿಳಿಯುವುದಿಲ್ಲ. ತುಳು, ಮಲಯಾಳ, ಕನ್ನಡ ಯಾವುದರಲ್ಲಿ ಕೇಳಿದರೂ ಅದು ಡೆಲ್ಕೋನೇ. ಸದ್ದು ಹೋಯಿತು. ಜೊತೆಗೆ ಗಾಡಿಯ ಶಕ್ತಿಯೂ ಹೋಯಿತು. ಏರು ಮುಗಿಯುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೆ, ಪೆಟ್ರೋಲ್ ಖರ್ಚು ಜಾಸ್ತಿ. ಇದು ಜ್ವರಕ್ಕೆ ಮದ್ದು ಕೊಡದೆ ಥರ್ಮಾಮೀಟರ್ ಬಚ್ಚಿಟ್ಟ ಹಾಗೆ ಅನಿಸಿತು. ಗಾಡಿಯ ಪುಸ್ತಕದಲ್ಲಿ ಸ್ಪಾರ್ಕಿಗೆ ಹೇಳಿದ್ದ ಡಿಗ್ರಿಗೆ ನಾನೇ ವಾಪಸ್ ತಂದಿಟ್ಟೆ. ಕಟಕಟವೂ ವಾಪಸ್ ಬಂತು.

"ಎಲ್ಲ ಈ ಎಥನಾಲ್ ಪೆಟ್ರೋಲಿನ ಕಾಟ" ಎಂದರು ಊರಲ್ಲಿ. ಅರ್ಧ ಸರಿ, ಅರ್ಧ ತಪ್ಪು. ಎಥನಾಲ್ ಸೇರಿದರೆ ಆಕ್ಟೇನ್, ಅಂದರೆ ತಾನಾಗಿ ಸಿಡಿಯದೆ ತಡೆಯುವ ಗುಣ, ಏರುತ್ತದೆ, ಇಳಿಯುವುದಿಲ್ಲ. ಹಾಗಾಗಿ ನಾಕಿಂಗ್ ಕಡಿಮೆಯೇ ಆಗಬೇಕು. ಆದರೆ ಎಥನಾಲ್ ತನ್ನೊಳಗೇ ಆಕ್ಸಿಜನ್ ಹೊತ್ತು ಬರುತ್ತದೆ. ಹೊಸ ಕಾರುಗಳಲ್ಲಿ ಸೆನ್ಸರ್ ಅದನ್ನು ಗಮನಿಸಿ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಕಾರ್ಬುರೇಟರಿಗೆ ಏನು ಗೊತ್ತು? ಅದೇ ತೂತು, ಅಷ್ಟೇ ಪೆಟ್ರೋಲ್. ಮಿಶ್ರಣ ತೆಳುವಾಗುತ್ತದೆ. ತೆಳುವಾದರೆ ಬಿಸಿ, ಬಿಸಿಯಾದರೆ ನಾಕಿಂಗ್.

ನನ್ನ ಹತ್ತಿರ ಇದ್ದ ಒಳ್ಳೆಯ ಉಪಕರಣ ಅಂದರೆ ಆ ಏರು. ಅಷ್ಟೇ ಗೋಣಿ, ಅದೇ ಗೇರು, ಅದೇ ತಿರುವು, ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು, ಇಂಜಿನ್ ಗಾಳಿ ಎಳೆಯುವ ಬಲದಿಂದ ಸ್ಪಾರ್ಕ್ ಬೇಗ ಬರಿಸುವ ಡೆಲ್ಕೋದ ವ್ಯಾಕ್ಯೂಮ್ ಪೈಪ್ ಕಿತ್ತು, ಅದರ ಬಾಯಿಗೆ ಸ್ಕ್ರೂ ತುರುಕಿ ಹತ್ತಿದೆ. ಏನೂ ವ್ಯತ್ಯಾಸವಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ವ್ಯಾಕ್ಯೂಮ್ ಹೇಗೂ ಬಿದ್ದುಹೋಗಿರುತ್ತದೆ. ಅರ್ಧ ಒತ್ತಿ ಸಮತಟ್ಟಿನಲ್ಲಿ ಹೋಗುವಾಗ ಸದ್ದು ಬಂದಿದ್ದರೆ ಅದನ್ನು ಸಂಶಯಿಸಬಹುದಿತ್ತು. ಮುಂದಿನ ಸಲ ಏರಿನ ನಡುವೆ, ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚಿಸುವ ಚೋಕ್ ಸ್ವಲ್ಪ ಎಳೆದೆ. ಸದ್ದು ಸುಮಾರು ಅರ್ಧಕ್ಕೆ ಇಳಿಯಿತು! ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಆದರೆ ಪೂರ್ತಿ ನಿಲ್ಲಲಿಲ್ಲ. ಹಾಗಾದರೆ ಇನ್ನೊಂದು ಕಳ್ಳ ಇದ್ದಾನೆ.

ಕಾರ್ಬುರೇಟರ್ ಬಿಚ್ಚಿದರೆ ಪೆಟ್ರೋಲ್ ನಿಲ್ಲುವ ಬೌಲ್‌ನ ತಳದಲ್ಲಿ ಕಂದು ಹುಡಿ. ಹಳೇ ಟ್ಯಾಂಕಿನ ತುಕ್ಕು. ಮೇನ್ ಜೆಟ್, ಅಂದರೆ ಪೆಟ್ರೋಲ್ ಹಾಯುವ ಹಿತ್ತಾಳೆ ತೂತು, ಅದರ ಬಾಯಿಯಲ್ಲೂ ಅದೇ. ಪೆಟ್ರೋಲಿನಲ್ಲಿ ತೊಳೆದು ಗಾಳಿ ಹೊಡೆದೆ. ತಂತಿ ಹಾಕಲಿಲ್ಲ. ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾದರೆ ಆಮೇಲೆ ತಲೆ ಚಚ್ಚಿಕೊಳ್ಳಬೇಕು. ಹೊಸ ಫಿಲ್ಟರೂ ಹಾಕಿದೆ.

ಎರಡನೇ ಕಳ್ಳ ಸಿಕ್ಕಿದ್ದು ಸಂಜೆ ಕತ್ತಲಾದ ಮೇಲೆ, ಸ್ಪಾರ್ಕ್ ಬಿದ್ದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟಿನಲ್ಲಿ. ಇಂಜಿನ್ ಜೊತೆ ತಿರುಗುವ ಚಕ್ರದ ಮೇಲಿನ ಗುರುತಿಗೆ ಬಿಳಿ ಪೇಂಟ್ ಹಚ್ಚಿ, ವ್ಯಾಕ್ಯೂಮ್ ಪೈಪ್ ಮುಚ್ಚಿ ನೋಡಿದೆ. ಐಡಲ್‌ನಲ್ಲಿ ಸರಿಯಾಗಿಯೇ ಇತ್ತು. ಮಗ ಆಕ್ಸಿಲರೇಟರ್ ಮೆಲ್ಲ ಒತ್ತಿದ. ವೇಗ ಏರಿದ ಹಾಗೆ ಗುರುತು ನಿಧಾನವಾಗಿ ಸರಿಯಬೇಕು. ಇದು ಒಮ್ಮೆಗೇ ಹಾರಿ ಕೊನೆಗೆ ಹೋಗಿ ನಿಂತಿತು. ನಾಲ್ಕು ಸಲ ಮಾಡಿಸಿದೆ, ಅದೇ ಕತೆ.

ಡೆಲ್ಕೋ ಒಳಗೆ, ಸ್ಪಾರ್ಕಿನ ಸ್ವಿಚ್ಚಾದ ಪಾಯಿಂಟ್ ಕೂತ ಪ್ಲೇಟಿನ ಕೆಳಗೆ ಎರಡು ವೇಟ್ (ತೂಕದ ತುಂಡು), ಎರಡು ಪುಟ್ಟ ಸ್ಪ್ರಿಂಗ್ ಇರುತ್ತವೆ. ವೇಗ ಏರಿದಂತೆ ವೇಟ್ ಹೊರಗೆ ಚಾಚಿ ಸ್ಪಾರ್ಕ್ ಬೇಗ ಬರುವ ಹಾಗೆ ಮಾಡುತ್ತದೆ. ಸ್ಪ್ರಿಂಗ್ ಅದನ್ನು ಹಿಡಿದುಕೊಳ್ಳಬೇಕು. ನಮ್ಮದರಲ್ಲಿ ಒಂದರ ಕೊಕ್ಕೆ ಮುರಿದು ಸುಮ್ನೆ ಬಿದ್ದುಕೊಂಡಿತ್ತು. ಅಂದರೆ ಏರಿನಲ್ಲಿ ಇಂಜಿನ್ ನಿಧಾನವಾಗಿ ಎಳೆಯುವಾಗಲೇ ಸ್ಪಾರ್ಕ್ ಜೋರು ಓಟದ ಲೆಕ್ಕದಲ್ಲಿ, ತೀರಾ ಬೇಗ ಬೀಳುತ್ತಿತ್ತು. ಆ ಮೆಕ್ಯಾನಿಕ್ ಡೆಲ್ಕೋ ತಿರುಗಿಸಿದಾಗ ಸದ್ದು ಹೋಗಿದ್ದೂ ಇದಕ್ಕೇ, ಗಾಡಿ ಸೊರಗಿದ್ದೂ ಇದಕ್ಕೇ.

ಸ್ಪ್ರಿಂಗ್ ಒಂದನ್ನೇ ಕೊಡಿ ಅಂದರೆ ಅಂಗಡಿಯವರು ನಕ್ಕರು. ಕೊನೆಗೆ ಮಂಗಳೂರಿನ ಗುಜರಿಯಲ್ಲಿ ಅದೇ ಮಾದರಿಯ ಹಳೇ ಡೆಲ್ಕೋ ಒಂದು ಸಿಕ್ಕಿತು. ಅದರ ಎರಡೂ ಸ್ಪ್ರಿಂಗ್ ತೆಗೆದು ಹಾಕಿದೆ. ಪೆನ್ನಿನ ಸ್ಪ್ರಿಂಗ್ ಕತ್ತರಿಸಿ ಹಾಕು ಅಂದವರೂ ಇದ್ದರು. ಬೇಡ, ಗಟ್ಟಿತನ ಬೇರೆಯಾದರೆ ಲೆಕ್ಕವೇ ತಪ್ಪುತ್ತದೆ. ಮತ್ತೆ ಲೈಟ್ ಹಿಡಿದಾಗ ಗುರುತು ಮೆಲ್ಲಮೆಲ್ಲ ಸರಿಯಿತು.

ಈಗ ಅಷ್ಟೇ ಗೋಣಿ ಹೇರಿಕೊಂಡು ಎರಡನೇ ಗೇರಿನಲ್ಲಿ ಹತ್ತುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕೊನೆಯ ತಿರುವಿನ ಹತ್ತಿರ ಒಂದೆರಡು ಸಲ ಸಣ್ಣಗೆ ಕಟ್ ಅನ್ನುತ್ತದೆ. ಆಗ ಒಂದನೇ ಗೇರಿಗೆ ಇಳಿಸುತ್ತೇನೆ.